ಒಳಗೂ ಕೆಂಪಗಿದ್ದ ಪಾತೇಲಿ

ಗಡಹಿಂಗ್ಲಜದ ಕೋರ್ಟಿನಿಂದ ನನ್ನ ಬಾಡಿಗೆ ಖೋಲಿಗೆ ನಡೆದು ಹೋಗುವ ದಾರಿಯಲ್ಲಿ ಮೊನ್ನೆ ಒಬ್ಬ ಕಲಾಯಿ ಮಾಡುವವನು ಕುಳಿತಿದ್ದ. ನೆಲದಲ್ಲಿ ಸಣ್ಣ ಗುಂಡಿ, ಗುಂಡಿಯಲ್ಲಿ ಕೆಂಡ, ಪಕ್ಕದಲ್ಲಿ ಕೈಯಿಂದ ತಿರುಗಿಸುವ ತಿದಿ. ಯಾರದೋ ಮನೆಯ ತಾಮ್ರದ ಪಾತ್ರೆಯನ್ನು ಚೆನ್ನಾಗಿ ಕಾಯಿಸಿ ಅದರೊಳಗೆ ನವಸಾಗರದ ಪುಡಿ ಉದುರಿಸಿದ. ಬಿಳಿ ಹೊಗೆ ಎದ್ದಿತು. ಆ ಘಾಟು ಮೂಗಿಗೆ ಬಡಿಯುತ್ತಲೇ ನಾನು ಇದ್ದಲ್ಲೇ ನಿಂತೆ. ಅವನು ತವರದ ತುಂಡನ್ನು ಒಮ್ಮೆ ಒಳಮೈಗೆ ತಾಗಿಸಿ, ಅರಳೆಯಿಂದ ಗರಗರ ಒರೆಸಿದ. ಕೆಂಪಗಿದ್ದ ಪಾತ್ರೆಯ ಒಳಗು ನನ್ನ ಕಣ್ಣೆದುರೇ ಬೆಳ್ಳಗಾಯಿತು.

ಎರಡು ನಿಮಿಷದ ಕೆಲಸ. ಆ ಎರಡು ನಿಮಿಷದ ಕೆಲಸ ಒಂದು ಪಾತ್ರೆಗೆ ಆಗಿರಲಿಲ್ಲ ಎನ್ನುವುದಕ್ಕಾಗಿ ನಾನು ಒಂದು ಮಳೆಗಾಲ ಅಂಜಿದ್ದೇನೆ. ನಿಜ ಹೇಳಬೇಕೆಂದರೆ ಇನ್ನೂ ಅಂಜುತ್ತೇನೆ.

ಆಗ ನಾನು ಕೊಲ್ಹಾಪುರದಲ್ಲಿ ಕಾನೂನು ಓದುತ್ತಿದ್ದೆ. ಊರು ಇಚಲಕರಂಜಿ, ಅಪ್ಪನದು ನೂಲಿನ ವ್ಯಾಪಾರ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ; ಚರ್ಚಾಸ್ಪರ್ಧೆಯಲ್ಲಿ ಯಾವ ಭಾಷೆ ಕೊಟ್ಟರೂ ಸರಿ, ಯಾವ ಪಕ್ಷ ಕೊಟ್ಟರೂ ಸರಿ. ಚೀಟಿ ಎತ್ತಿದ ಅರ್ಧ ತಾಸಿನಲ್ಲಿ, ಅದರಲ್ಲಿ ಬರೆದದ್ದನ್ನು ಹುಟ್ಟಿದಾಗಿನಿಂದ ನಂಬಿದವಳ ಹಾಗೆ ಮಾತಾಡಬಲ್ಲವಳಾಗಿದ್ದೆ. ಅದನ್ನೇ ಬುದ್ಧಿ ಎಂದು ತಿಳಿದಿದ್ದೆ. ರಜೆಗೆ ಊರಿಗೆ ಬಂದಾಗ ‘ರೊಟ್ಟಿ ಫೇರಿ’ಗೆ ಮೊದಲ ಸಲ ಹೋದದ್ದೂ ಸೇವೆ ಮಾಡಲಿಕ್ಕಲ್ಲ, ವಾದ ಮಾಡಲಿಕ್ಕೆ.

ರೊಟ್ಟಿ ಫೇರಿ ಎಂದರೆ ಇಷ್ಟೇ. ಭಾನುವಾರ ಬೆಳಿಗ್ಗೆ ಹದಿನೈದಿಪ್ಪತ್ತು ಜನ ಸೈಕಲ್ ಹತ್ತಿ ಓಣಿ ಓಣಿ ತಿರುಗುವುದು. ಮನೆಮನೆಯವರು ಕೊಟ್ಟ ರೊಟ್ಟಿ, ಪಲ್ಯ, ಸಾರು ಕೂಡಿಸುವುದು. ಮಧ್ಯಾಹ್ನದೊಳಗೆ ಅದನ್ನು ದವಾಖಾನೆಯ ಹೊರಗೆ ಕುಳಿತ ರೋಗಿಗಳ ಕಡೆಯವರಿಗೆ, ಮಗ್ಗ ನಿಂತು ಕೆಲಸ ಹೋದ ಪರವೂರಿನವರಿಗೆ, ಬಸ್‌ಸ್ಟ್ಯಾಂಡಿನ ಮುದುಕರಿಗೆ ಮುಟ್ಟಿಸುವುದು. ರೊಟ್ಟಿಯ ಗಂಟು ಹ್ಯಾಂಡಲಿಗೆ. ಸಾರು ಕಿಟ್ಲಿ ಎಂಬ ಹಾಲಿನ ಕ್ಯಾನಿನಲ್ಲಿ, ಹಾಲು ಹಾಕುವವರ ಹಾಗೆ ಕ್ಯಾರಿಯರಿನ ಎರಡೂ ಬದಿಯ ಕಬ್ಬಿಣದ ಕೊಕ್ಕೆಗೆ. ಒಂದು ಬದಿಯ ಕಿಟ್ಲಿ ತುಂಬಿ ಇನ್ನೊಂದು ಖಾಲಿ ಇದ್ದರೆ ತಿರುವಿನಲ್ಲಿ ಸೈಕಲ್ ನಿಮ್ಮನ್ನು ಕೇಳದೆ ತಾನೇ ಮಲಗುತ್ತದೆ. ಮೊದಲ ದಿನವೇ ಅದನ್ನು ಮೊಣಕಾಲಿನಿಂದ ಕಲಿತೆ.

ಇದನ್ನು ನಡೆಸುತ್ತಿದ್ದವರು ಅಪ್ಪಾಸಾಬ ಕಾಕಾ. ಮೂವತ್ತು ವರ್ಷ ಮಗ್ಗದ ಕಾರಖಾನೆಯಲ್ಲಿ ದುಡಿದು ಕಿವಿ ಅರ್ಧ ಮಂದವಾದವರು. ಮೊದಲ ದಿನ ನಾನು ಅವರನ್ನು, ಒಂದು ಹೊತ್ತಿನ ರೊಟ್ಟಿಯಿಂದ ಯಾರ ಬಡತನ ಹೋಗುತ್ತದೆ ಎಂದು ಕೇಳಿದ್ದೆ. ಅವರು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಲೇ, “ಬಡತನ ಹೋಗೂದಿಲ್ಲ ತಂಗಿ. ಹಸಿವಿ ಹೋಗತೈತಿ, ಸಂಜೀತನಕಾ. ನಿನ್ನ ಕಡೆ ಸೈಕಲ್ ಐತೇನು?” ಅಂದಿದ್ದರು. ಉತ್ತರ ತರ್ಕಕ್ಕೆ ನಿಲ್ಲುವಂಥದ್ದಲ್ಲ ಎಂದು ಸಾಧಿಸಲು ಮುಂದಿನ ಭಾನುವಾರ ಮತ್ತೆ ಹೋದೆ. ಹಾಗೇ ಹೋಗುತ್ತಲೇ ಉಳಿದೆ. ‘ವಕೀಲಬಾಯಿ’ ಎಂಬ ಹೆಸರು ಆಗಲೇ ಬಿತ್ತು; ವಕೀಲಿಯ ಸನದು ಬಂದದ್ದು ಆಮೇಲೆ.

ಕಾಕಾನ ಒಂದು ಪದ್ಧತಿ ನನಗೆ ಹಿಡಿಸುತ್ತಿರಲಿಲ್ಲ. ಪ್ರತಿ ಬಾಗಿಲಲ್ಲೂ, ಡಬ್ಬಿಗೆ ಕೈ ಹಚ್ಚುವ ಮೊದಲು ಅವರು, “ನೀವು ಉಂಡ್ರೇನ್ರೀ?” ಎಂದು ಕೇಳುತ್ತಿದ್ದರು. ಮನೆಯವರು ಅದೇ ಗಡಿಗೆಯಿಂದ ಉಂಡಿದ್ದರೆ ಸರಿ. ಇಲ್ಲವೆಂದರೆ ಕಟ್ಟೆಯ ಮೇಲೆ ಕುಳಿತು, “ಹಂಗಾದ್ರ ನನಗೊಂದು ತುತ್ತು ಹಾಕ್ರಿ” ಎನ್ನುತ್ತಿದ್ದರು. ತಿಂದು, ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಆಮೇಲೆ ಕಿಟ್ಲಿ ತುಂಬಿಸಿಕೊಳ್ಳುತ್ತಿದ್ದರು. ನಮ್ಮ ಕಡೆಯ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಕೊಡುವುದಕ್ಕೆಂದು ಮಾಡಿದ್ದನ್ನು ಕೊಡುವ ಮೊದಲು ಬಾಯಿಗೆ ಹಾಕಿದರೆ ಎಂಜಲು. ಮುದುಕಿಯರು ಮುಖ ಸಿಂಡರಿಸುತ್ತಿದ್ದರು. ಶ್ರಾವಣದಲ್ಲಿ ಸೋಮವಾರವೂ ಫೇರಿ ಇರುತ್ತಿತ್ತು; ಊರೆಲ್ಲ ದೀಪ ಹಚ್ಚುವ ತನಕ ಉಪವಾಸ ಇದ್ದರೆ, ಅವತ್ತೂ ಕಾಕಾ ಹತ್ತು ಮನೆಯಲ್ಲಿ ಹತ್ತು ತುತ್ತು ತಿನ್ನುತ್ತಿದ್ದರು. ಹಿಂದಿನಿಂದ, “ಫೇರಿ ಹೆಸರಲೆ ಹೊಟ್ಟಿ ತುಂಬಸ್ಕೋತಾನ” ಎನ್ನುವವರೂ ಇದ್ದರು.

ಆ ಮಳೆಗಾಲ ಹೊಳೆ ಏರಿತು. ಏರುವುದು ಹೊಸತಲ್ಲ, ನಮ್ಮ ಭಾಗದಲ್ಲಿ ಆಷಾಢ ಕಳೆಯುತ್ತಲೇ ಜನ ಸೇತುವೆಯ ಕಂಬದ ಮೇಲಿನ ಗುರುತು ನೋಡಲು ಹೋಗುತ್ತಾರೆ, ಜ್ವರದವನ ಹಣೆ ಮುಟ್ಟಿ ನೋಡುವ ಹಾಗೆ. ಆ ಸಲ ಗುರುತೇ ಕಾಣದಾಯಿತು. ಹುಪರಿ ಕಡೆಗೆ ಫೇರಿಗೆ ಹೋಗಿದ್ದ ನಾವು ಏಳು ಜನ ಸಂಜೆ ತಿರುಗಿ ಬರುವಷ್ಟರಲ್ಲಿ ದಾರಿ ಮುಚ್ಚಿತ್ತು. ಹುಪರಿಯ ಒಂದು ಸಮಾಜ ಮಂದಿರದಲ್ಲಿ ಉಳಿದೆವು. ಕರೆಂಟಿಲ್ಲ. ಮೊಬೈಲುಗಳು ಒಂದೊಂದಾಗಿ ಸತ್ತವು. ಬೆಳ್ಳಿಯ ಕಾಲ್ಗೆಜ್ಜೆ ಮಾಡುವ ಊರು ಅದು. ಮನೆಮನೆಯ ಮುಂದಿನ ಖೋಲಿಯಲ್ಲಿ ಸದಾ ಕೇಳುವ ಟಕಟಕ ಆ ವಾರ ಪೂರ್ತಿ ನಿಂತಿತ್ತು. ಆ ಮೌನದಲ್ಲಿ ಹೊಳೆಯ ಸದ್ದು ದೂರದಿಂದ ಕೇಳುತ್ತಿತ್ತು. ಅದು ಸದ್ದೂ ಅಲ್ಲ, ಮಾತು ನಿಲ್ಲಿಸಿದಾಗಲೆಲ್ಲ ಕಿವಿಗೆ ಬೀಳುವ ಒಂದು ಭಾರ.

ಊರಿನಿಂದ ನಾಲ್ಕು ಕಿಲೋಮೀಟರ್ ಆಚೆ, ಕಬ್ಬಿನ ಹೊಲಗಳ ನಡುವಿನ ದಿನ್ನೆಯ ಮೇಲೆ ಒಂದು ಶಾಲೆ. ತಗ್ಗಿನ ವಸ್ತಿಗಳವರೂ, ಹೊಲಗಳಲ್ಲಿ ಕುರಿ ನಿಲ್ಲಿಸಿಕೊಂಡಿದ್ದ ಕುರುಬರೂ ಕೂಡಿ ಐವತ್ತು ಜನ ಅಲ್ಲಿ ಸೇರಿದ್ದರು. ನಡುವಿನ ತಗ್ಗಿನಲ್ಲಿ ತೊಡೆಯ ತನಕ ನೀರು. ಗಾಡಿ ಹೋಗುತ್ತಿರಲಿಲ್ಲ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತರೆ ಹೋಗುತ್ತಿತ್ತು. ಹಾಗಾಗಿ ಭಾನುವಾರದ ಫೇರಿ ದಿನದ ಫೇರಿಯಾಯಿತು.

ಮುಂದಿನ ಭಾನುವಾರ ರಾತ್ರಿ ಮಂದಿರದಲ್ಲಿ ನಾನು ಮಾತು ತೆಗೆದೆ. ಮರುದಿನ ಶ್ರಾವಣದ ಮೊದಲ ಸೋಮವಾರ. ಕಾಕಾ ಬಾಗಿಲು ಬಾಗಿಲಿಗೆ ಕುಳಿತು ತಿನ್ನುವುದರಿಂದ ಒಂದು ತಾಸು ಹೋಗುತ್ತದೆ, ಅಲ್ಲಿ ಮಕ್ಕಳು ಕಾಯುತ್ತವೆ. ಇದು ನನ್ನ ನಿಜವಾದ ವಾದ. ಇಷ್ಟಕ್ಕೆ ಯಾರೂ ಅಲ್ಲಾಡಲಿಲ್ಲ. ಆಗ ಇನ್ನೊಂದು ವಾದ ತೆಗೆದೆ. ಉಪವಾಸ ಇದ್ದ ಹೆಣ್ಣುಮಗಳಿಗೆ ಮೊದಲು ನೀ ಉಣ್ಣು ಎನ್ನುವುದು ಅವಳ ವ್ರತಕ್ಕೆ ಅವಮಾನವಲ್ಲವೇ ಎಂದೆ. ಹಸಿದವನೇ ದೇವರು ಎನ್ನುತ್ತೀರಿ. ದೇವರ ನೈವೇದ್ಯವನ್ನು ಯಾರಾದರೂ ರುಚಿ ನೋಡಿ ಇಡುತ್ತಾರೆಯೇ ಎಂದೆ. ಹದಿನಾಲ್ಕನೆಯ ವರ್ಷದಿಂದ ಒಂದು ಸೋಮವಾರವನ್ನೂ ಹಿಡಿಯದ ನಾನು, ದೇವರ ವಿಷಯಕ್ಕೆ ಮನೆಯಲ್ಲಿ ದಿನಾ ಜಗಳ ಆಡುವ ನಾನು, ದನಿಯಲ್ಲಿ ಒಂದಿಷ್ಟು ನಡುಕವನ್ನೂ ತಂದುಕೊಂಡೆ. ಕೇಳುವವರ ನಂಬಿಕೆಯನ್ನೇ ಆಯುಧ ಮಾಡಬೇಕೆಂಬುದು ವೇದಿಕೆಯ ಮೊದಲ ಪಾಠ. ಎದುರಿಗಿದ್ದವರ ಮುಖ ಮೆತ್ತಗಾಗುವುದು ಕಂದೀಲಿನ ಬೆಳಕಿನಲ್ಲೂ ಕಂಡಿತು.

ಕಾಕಾ, “ನನಗ ಹಂಗೆಲ್ಲಾ ಮಾತಾಡಾಕ ಬರೂದಿಲ್ಲ, ತಂಗಿ. ನನಗ ಬರೇ ಅಂಜಿಕಿ ಬರತೈತಿ” ಅಂದರು.

“ಅಂಜಿಕಿ ಒಂದು ವಾದ ಅಲ್ರೀ ಕಾಕಾ,” ಅಂದೆ.

ಎಲ್ಲರೂ ನಕ್ಕರು. ಮಗ್ಗದಲ್ಲಿ ಕೆಲಸ ಮಾಡುವ, ನಮ್ಮೊಳಗೆಲ್ಲ ಗಟ್ಟಿ ತೋಳಿನ ರಾಜು, “ಕಾಕಾ, ಕೇಸ್ ಖಲಾಸ್” ಎಂದು ತೊಡೆ ತಟ್ಟಿದ. ಕೈ ಎತ್ತಿಸಿದೆವು. ಕಾಕಾನದೊಂದು ಬಿಟ್ಟು ಎಲ್ಲ ಕೈಗಳೂ ಎದ್ದವು. ಅವರು ಮುನಿಸಿಕೊಳ್ಳಲಿಲ್ಲ. ನಾಳೆ ಬಾಗಿಲಿಗೆ ನೀವೇ ಹೋಗಿರಿ, ನಾನು ಪಂಕ್ಚರ್ ಹಚ್ಚುತ್ತ ಕೂಡುತ್ತೇನೆ ಅಂದರು.

ಸೋಮವಾರ ಮಳೆ ಸ್ವಲ್ಪ ತೆಳುವಾಗಿತ್ತು. ನಾನೂ ರಾಜುವೂ ಹೋದ ಮನೆಗಳಲ್ಲಿ ಕೊನೆಯದು ವಿದ್ಯಾ ವೈನಿಯದು; ವೈನಿ ಎಂದರೆ ಅತ್ತಿಗೆ. ನನಗಿಂತ ಎರಡು ವರ್ಷ ದೊಡ್ಡವಳಿರಬೇಕು. ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಮುಂದಿನ ಖೋಲಿಯಲ್ಲಿ ಗಂಡನ ಗೆಜ್ಜೆ ಕೆಲಸ, ಹಿಂದೆ ಅಡಿಗೆಮನೆ. ಗಂಡ ಹೊಳೆಯ ದಡದವರ ಸಾಮಾನು ಸಾಗಿಸಲು ಹೋಗಿದ್ದ. ಅತ್ತೆ ಮಗಳ ಊರಾದ ಉತ್ತೂರಿಗೆ ಹೋದವರು ಮಳೆಗೆ ಅಲ್ಲೇ ಉಳಿದಿದ್ದರು. ಒಬ್ಬಳೇ ಎದ್ದು, ಬೆಳಗಿನ ಜಾವದಲ್ಲೇ ಐವತ್ತು ಜನಕ್ಕಾಗುವಷ್ಟು ಹುಣಸೆಹುಳಿಯ ಬೇಳೆ ಸಾರು ಮಾಡಿ ಇಟ್ಟಿದ್ದಳು. ಪಾತ್ರೆ ದೊಡ್ಡ ತಾಮ್ರದ ಪಾತೇಲಿ. ಹೊರಗೂ ಒಳಗೂ ಬಂಗಾರದಂತೆ ಹೊಳೆಯುತ್ತಿತ್ತು. ಸಾರಿನ ಮಟ್ಟ ಇಳಿದ ಕಡೆ, ಅಂಚಿನ ಒಳಗೆ, ಕೆಂಪಗೆ ಕನ್ನಡಿ. ಎಷ್ಟು ಚೆಂದ ತಿಕ್ಕೀರಿ ವೈನಿ ಎಂದು ನಾನೇ ಹೊಗಳಿದೆ. ನನ್ನ ಸೈಕಲ್ಲಿಗೂ ಒಂದು ತಾಮ್ರದ ಬಾಟಲಿ ಇತ್ತು, ಆರೋಗ್ಯಕ್ಕೆ ಒಳ್ಳೆಯದೆಂದು ಗೆಳತಿ ಕೊಟ್ಟದ್ದು. ಅದನ್ನು ತೋರಿಸಿ ಇಬ್ಬರೂ ನಕ್ಕೆವು.

ರಾಜು ಕಿಟ್ಲಿ ತುಂಬುತ್ತಿದ್ದಾಗ ಅವಳು ಸಂಕೋಚದಿಂದ, “ಉಪ್ಪು ಸರಿ ಆಗೇತೋ ಇಲ್ಲೋ ಗೊತ್ತಿಲ್ರಿ. ನಿಮಗ ಉಪವಾಸ ಇಲ್ಲಂತಲ್ಲಾ, ಒಂದೀಟು ನೋಡ್ತೀರೇನು?” ಅಂದಳು.

ಚಮಚ ನನ್ನ ಮುಂದೆಯೇ ಇತ್ತು. ನಮ್ಮ ಏಳು ಜನರಲ್ಲಿ ಆ ದಿನ ಬೆಳಿಗ್ಗೆ ಬಿಸ್ಕೀಟು ತಿಂದವಳು ನಾನೊಬ್ಬಳೇ. ಆದರೆ ಹಿಂದಿನ ದಿನ ಗೆದ್ದ ಮಾತು ಇನ್ನೂ ಬಿಸಿಯಾಗಿತ್ತು, ರಾಜು ನೋಡುತ್ತಿದ್ದ. “ಬ್ಯಾಡ್ರಿ ವೈನಿ. ಕೊಡೂದನ್ನ ರುಚಿ ನೋಡಬಾರದು,” ಅಂದೆ.

ತಗ್ಗು ದಾಟಿ ಶಾಲೆಗೆ ಮುಟ್ಟಿಸಿದೆವು. ಬಡಿಸಲು ರಾಜು ಅಲ್ಲೇ ನಿಂತ. ಇನ್ನೊಂದು ಗಂಟು ರೊಟ್ಟಿ ತರಲು ನಾನೊಬ್ಬಳೇ ಮಂದಿರಕ್ಕೆ ಮರಳಿದೆ. ಕಾಕಾ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದರು. ಎಷ್ಟು ಬೇಗ ಮುಗಿಯಿತು ನೋಡಿರಿ ಎಂದು ಹೇಳದೇ ಇರಲಾಗಲಿಲ್ಲ. ವಿದ್ಯಾ ವೈನಿಯ ಅಚ್ಚುಕಟ್ಟಿನ ಮಾತೂ ಬಂತು: ಪಾತೇಲಿ ಹೇಗೆ ತಿಕ್ಕಿದ್ದಳೆಂದರೆ ಒಳಗೂ ಕೆಂಪಗೆ ಹೊಳೆಯುತ್ತಿತ್ತು.

ಕಾಕಾನ ಕೈ ನೀರಿನಲ್ಲೇ ನಿಂತಿತು. “ಒಳಗೂ ಕೆಂಪಗ ಇತ್ತು?”

“ಹೌದ್ರಿ.”

“ಕಲಾಯಿ ಇರಲಿಲ್ಲ?”

ಕಲಾಯಿ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ನಮ್ಮದು ಸ್ಟೀಲಿನ ಅಡಿಗೆಮನೆ. ಅವರು ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿದರು: ತಾಮ್ರದಲ್ಲಿ ಅಡಿಗೆ ಮಾಡುವುದಾದರೆ ಒಳಗೆ ತವರ ಬಳಿದು ಬೆಳ್ಳಗಿರಬೇಕು; ಇಲ್ಲದಿದ್ದರೆ ಹುಳಿ ತಾಮ್ರವನ್ನು ತಿಂದು ಸಾರಿಗೆ ಬಿಡುತ್ತದೆ, ಸಾರು ವಿಷವಾಗುತ್ತದೆ. ಬರೀ ನೀರಿಗೆ ನಡೆದೀತು, ಹುಣಸೆಗೆ ನಡೆಯದು. ಎಷ್ಟು ಹೊತ್ತು ಅದರಲ್ಲಿತ್ತು ಎಂದು ಕೇಳಿದರು. ಬೆಳಗಿನ ಜಾವದಿಂದ ಹತ್ತು ಗಂಟೆಯ ತನಕ ಎಂದೆ. ರಾಜುವಿಗೆ ತಿಳಿಸೋಣವೆಂದರೆ ಫೋನುಗಳೆಲ್ಲ ಬಂದ್.

ಇಬ್ಬರೂ ಸೈಕಲ್ ಹತ್ತಿದೆವು. ದಾರಿಯಲ್ಲೇ ವಿದ್ಯಾ ವೈನಿಯ ಮನೆ. ಸೈಕಲ್ಲಿನಿಂದ ಇಳಿಯದೆ ಕಾಕಾ, ಪಾತೇಲಿ ಎಲ್ಲಿಯದು ಎಂದು ಕೇಳಿದರು. ಅವಳು ಮುಂದಿನ ಖೋಲಿಯ ಕಡೆ ಕೈ ಮಾಡಿದಳು. ಅಡಿಗೆಮನೆಯ ಪಾತ್ರೆಗಳು ನಾಲ್ಕು ಜನರವು, ಐವತ್ತು ಜನಕ್ಕೆ ಸಾಲಲಿಲ್ಲ. ಗೆಜ್ಜೆ ಬಿಳುಪು ಮಾಡಲು ಆಸಿಡ್ ಹಾಕುವ ಪಾತೇಲಿ ಕೆಲಸವಿಲ್ಲದೆ ಬಿದ್ದಿತ್ತು. ಅದನ್ನೇ ಹುಣಸೆಹಣ್ಣು ಹಚ್ಚಿ ಮೂರು ಸಲ ತಿಕ್ಕಿದ್ದಳು. “ತಾಮ್ರ ಚಲೋ ಅಂತಾರಲ್ರೀ...” ಎನ್ನುವಷ್ಟರಲ್ಲಿ ನಮ್ಮ ಮುಖ ನೋಡಿ ಅವಳ ಮಾತು ನಿಂತಿತು.

ಕಾಕಾ ಕೇಳಿದರು, “ಮನ್ಯಾಗ ಯಾರರ ಉಂಡಾರೇನವಾ?”

“ಸೋಮವಾರ್ರೀ,” ಅಂದಳು. “ಯಾರೂ ಉಂಡಿಲ್ಲ.”

ಆ ನಾಲ್ಕು ಕಿಲೋಮೀಟರ್ ನನಗೆ ಈಗಲೂ ಪೂರ್ತಿ ನೆನಪಿದೆ, ಮರೆಯಲು ಯತ್ನಿಸಿದ್ದೇನೆ. ಕಬ್ಬಿನ ಗರಿಗಳು ದಾರಿಗೆ ಬಾಗಿದ್ದವು. ಒಂದೊಂದೂ ಮುಖಕ್ಕೆ ತಣ್ಣಗೆ ಬಡಿಯುತ್ತಿತ್ತು. ತಲೆಯೊಳಗೆ ಅಭ್ಯಾಸದ ಪ್ರಕಾರ ಎರಡೂ ಪಕ್ಷಗಳು ಎದ್ದು ನಿಂತವು. ಒಂದು ಹೇಳಿತು: ಪಾತೇಲಿ ನಿನ್ನದಲ್ಲ, ಅಡಿಗೆ ನಿನ್ನದಲ್ಲ, ಆಕೆ ತಿಳಿಯದೆ ಮಾಡಿದ್ದು. ಇನ್ನೊಂದು ಪಕ್ಷ ಮಾತೇ ಆಡಲಿಲ್ಲ. ಚಮಚವೊಂದನ್ನು ಹಿಡಿದು ನಿಂತಿತ್ತು. ಐವತ್ತು ಜನ. ನಾನು ಲೆಕ್ಕ ಹಾಕಲು ಹೋಗಿ ಬಿಟ್ಟೆ. ಮಕ್ಕಳನ್ನು ಮೊದಲು ಕೂರಿಸುತ್ತಾರೆಂಬುದು ನೆನಪಾಯಿತು. ತಗ್ಗಿನಲ್ಲಿ ನೀರು ಬೆಳಿಗ್ಗೆಗಿಂತ ಒಂದು ಗೇಣು ಏರಿತ್ತು. ಕಾಕಾ ಸೈಕಲ್ ಹೊತ್ತು ಮುಂದೆ, ನಾನು ಹಿಂದೆ. ನಡುವೆ ಒಮ್ಮೆ ಅವರ ಕಾಲು ಜಾರಿತು. ನಾನು ಅವರನ್ನು ಹಿಡಿಯಲಿಲ್ಲ, ಅವರ ಪಕ್ಕದಿಂದ ಮುಂದೆ ಹೋದೆ.

ಶಾಲೆಯ ಅಂಗಳ ಸದ್ದಿಲ್ಲದೆ ಇತ್ತು.

ವರಾಂಡದಲ್ಲಿ ಮೊದಲ ಪಂಕ್ತಿ ಮಾತ್ರ ಕುಳಿತಿತ್ತು, ಐದು ಮಕ್ಕಳು. ರಾಜು ಸೌಟು ಹಿಡಿದು ಗೋಡೆಗೆ ಆನಿಕೊಂಡಿದ್ದ. ರೊಟ್ಟಿಯ ಗಂಟಿಗಾಗಿ ಕಾದು, ಕೊನೆಗೆ ಸಣ್ಣವರಿಗಷ್ಟೇ ಬಡಿಸಿದ್ದ; ಹಿರಿಯರು ಇನ್ನೂ ಕುಳಿತಿರಲಿಲ್ಲ. ನಾಲ್ಕು ಮಕ್ಕಳು ಎರಡು ತುತ್ತಿಗೇ ಮುಖ ಕಿವುಚಿ, ಸಾರನ್ನು ಅನ್ನದಡಿ ಮುಚ್ಚಿ, ಒಣ ರೊಟ್ಟಿ ಕಡಿಯುತ್ತಿದ್ದವು. ಐದನೆಯ ಎಲೆ ಚೊಕ್ಕಟವಾಗಿತ್ತು, ಒಂದು ಅಗಳೂ ಇರಲಿಲ್ಲ. ಆ ಎಲೆಯ ಹುಡುಗಿ ಅಂಗಳದ ಮೂಲೆಯಲ್ಲಿ ಬಗ್ಗಿ ವಾಂತಿ ಮಾಡುತ್ತಿದ್ದಳು. ಆರು ವರ್ಷದ ಆರತಿ. ಕುರಿಯವರ ಮಾಯವ್ವನ ಮೊಮ್ಮಗಳು. ಬಾಯಿಂದ ಬಂದದ್ದರಲ್ಲಿ ಹಸಿರು ಛಾಯೆ ಇತ್ತು.

ಮಾಯವ್ವ ಅವಳ ಹಣೆ ಹಿಡಿದುಕೊಂಡಿದ್ದಳು. ಕಾಕಾ ಮೊದಲು ಕಿಟ್ಲಿಯನ್ನು ಎತ್ತಿ ಕಟ್ಟೆಯ ಹಿಂದೆ ಚೆಲ್ಲಿ ಬಂದರು, ಆಮೇಲೆ ರುಚಿ ಹೇಗಿತ್ತೆಂದು ಕೇಳಿದರು. ಮಾಯವ್ವ ತಾನೂ ಬೆರಳಿನಿಂದ ನೆಕ್ಕಿ ನೋಡಿದ್ದಳಂತೆ. “ದುಡ್ಡು ಕಡದಂಗ ಆತ್ರಿ ನಾಲಿಗಿಗಿ,” ಅಂದಳು.

ಹಾಗಾದರೆ ಯಾಕೆ ತಿನ್ನಲು ಬಿಟ್ಟಿ ಎಂದು ನಾನು ಕೇಳಿದೆ. ನನ್ನ ದನಿ ಏರಿತ್ತು, ಅವಳದು ಏರಲಿಲ್ಲ.

“ಮಂದಿ ಕೊಟ್ಟದ್ದಕ್ಕ ರುಚಿ ಕೇಳೂದು ಹ್ಯಾಂಗವಾ? ಎಲಿ ಮ್ಯಾಲ ಏನೂ ಬಿಡಬ್ಯಾಡ ಅಂತ ನಾನ ಹೇಳೀನಿ ಕೂಸಿಗಿ.”

ನಾಲ್ಕು ವರ್ಷದ ಚರ್ಚೆಯಲ್ಲಿ ನನ್ನ ಮುಂದೆ ಯಾರೂ ಇಟ್ಟಿರದ ವಾದ ಅದು. ತನ್ನ ಮನೆಯಲ್ಲಿ ಉಣ್ಣುವವನು ಹಳಸಿದ್ದನ್ನು ದೂಡಿ ಏಳಬಹುದು. ಕೊಟ್ಟದ್ದನ್ನು ಉಣ್ಣುವವನಿಗೆ ಬೇಡ ಎನ್ನುವ ಬಾಯಿ ಇರುವುದಿಲ್ಲ. ಅದಕ್ಕೇ ಅವನ ಪರವಾಗಿ ಯಾರಾದರೊಬ್ಬರು ಬಾಗಿಲಲ್ಲೇ ತಿಂದು ನೋಡಬೇಕು. ಕಾಕಾನಿಗೆ ಇದನ್ನು ಹೇಳಲು ಬರುತ್ತಿರಲಿಲ್ಲ. ನನಗೆ ಹೇಳಲು ಬರುತ್ತಿತ್ತು, ಕಂಡಿರಲಿಲ್ಲ.

ಹುಪರಿಯ ಆರೋಗ್ಯ ಕೇಂದ್ರದ ತನಕ ಹೋಗಬೇಕು. ತಗ್ಗಿನ ಈಚೆಗೆ ಯಾವ ಗಾಡಿಯೂ ಬಾರದು. ರಾಜು ಅಲ್ಲೇ ಉಳಿದು ಉಳಿದ ನಾಲ್ಕು ಮಕ್ಕಳನ್ನು ನೋಡಿಕೊಳ್ಳುವುದೆಂದು ಆಯಿತು. ಮಾಯವ್ವ ತನ್ನ ಹಳೆಯ ಸೀರೆಯೊಂದರಿಂದ ಆರತಿಯನ್ನು ನನ್ನ ಬೆನ್ನಿಗೆ ಕಟ್ಟಿ, ತಾನು ಕಾಕಾನ ಕ್ಯಾರಿಯರಿನ ಮೇಲೆ ಕುಳಿತಳು. ತಗ್ಗಿನಲ್ಲಿ ಇಳಿದಾಗ ನನ್ನ ಸೈಕಲ್ಲನ್ನು ಮಾಯವ್ವ ಹೊತ್ತಳು; ನೀರು ನನ್ನ ಸೊಂಟ ಮುಟ್ಟಿ ಹುಡುಗಿಯ ಪಾದ ತೋಯಿಸಿತು. ಅವಳು ಬೆಚ್ಚಲಿಲ್ಲ. ಅದೇ ನನಗೆ ಅಂಜಿಕೆಯಾಯಿತು.

ದಡ ಸೇರಿ ಪೆಡಲು ತುಳಿಯುತ್ತ ಅವಳನ್ನು ಮಾತಾಡಿಸತೊಡಗಿದೆ. ಕುರಿ ಎಷ್ಟಿವೆ, ನಾಯಿಯ ಹೆಸರೇನು, ಶಾಲೆಯಲ್ಲಿ ಯಾವ ಪಾಠ. ಉತ್ತರವಿಲ್ಲ. ಬೆನ್ನ ಮೇಲೆ ಬಿಸಿಯಾಗಿ ಏನೋ ಹರಿಯಿತು, ಮತ್ತೆ ವಾಂತಿ. ಆಮೇಲೆ ಅವಳ ಗದ್ದ ನನ್ನ ಹೆಗಲಿನಿಂದ ಜಾರಿತು. ಕೈ ಹಿಂದೆ ಮಾಡಿ ಅವಳ ಮೂಗಿನ ಹತ್ತಿರ ಇಟ್ಟೆ, ಸೈಕಲ್ ಹೊಯ್ದಾಡಿತು, ಉಸಿರು ಇದೆಯೋ, ಗಾಳಿಯೋ ತಿಳಿಯಲಿಲ್ಲ. ನಾನು ಇನ್ನೂ ಜೋರಾಗಿ ಮಾತಾಡಿದೆ. ಏನು ಮಾತಾಡಿದೆನೋ ದೇವರೇ ಬಲ್ಲ. ಹೌದು, ಆಗ ಹಾಗೇ ಅಂದುಕೊಂಡೆ, ದೇವರೇ ಎಂದು. ಊರಿನ ಮೊದಲ ಮನೆ ಕಾಣುವಾಗ ಬೆನ್ನಿನ ಮೇಲಿಂದ ಒಂದು ಸಣ್ಣ ದನಿ ಬಂತು.

“ಅಕ್ಕಾ, ನೀ ಭಾಳ ಮಾತಾಡ್ತಿ.”

ಅಷ್ಟು ಒಳ್ಳೆಯ ಬೈಗುಳ ನಾನು ಜನ್ಮದಲ್ಲಿ ಕೇಳಿಲ್ಲ.

ಡಾಕ್ಟರರು ನಾಡಿ, ಕಣ್ಣು, ಹೊಟ್ಟೆ ನೋಡಿದರು. ವಾಂತಿ ಆದದ್ದೇ ಒಳ್ಳೆಯದಾಯಿತು, ಆದರೂ ಸಂಜೆಯ ತನಕ ನೋಡದೆ ಏನೂ ಹೇಳಲಾಗದು ಎಂದು ಮರಾಠಿಯಲ್ಲಿ ಹೇಳಿ ಸಲಾಯಿನ್ ಹಚ್ಚಿದರು. ‘ಏನೂ ಹೇಳಲಾಗದು’ ಎಂಬ ಮಾತಿನ ಜೊತೆ ನಾವು ನಾಲ್ಕು ತಾಸು ಕಳೆದೆವು. ಮಾಯವ್ವ ಮಂಚದ ಪಕ್ಕ ನೆಲಕ್ಕೆ ಕುಳಿತು, ಹುಡುಗಿಯ ಪಾದವನ್ನು ಅಂಗೈಯಲ್ಲಿ ಹಿಡಿದಿದ್ದಳು, ಬಿಟ್ಟರೆ ನಡೆದುಹೋಗುತ್ತದೇನೋ ಎಂಬಂತೆ. ನಾನು ಹೊರಗಿನ ಕಟ್ಟೆಯ ಮೇಲೆ ಕಾಕಾನ ಹತ್ತಿರ ಕುಳಿತೆ. ಹಿಂದೆ ಯಾವಾಗಲಾದರೂ ಹೀಗೆ ಆಗಿತ್ತೇ, ಅದಕ್ಕೇ ನೀವು ಆ ನೇಮ ಮಾಡಿದಿರಾ ಎಂದು ಕೇಳಿದೆ. ಒಂದು ಕಾರಣ ಬೇಕಿತ್ತು ನನಗೆ, ಯಾವುದೋ ಹಳೆಯ ಸಾವು, ಯಾವುದೋ ಹಳೆಯ ತಪ್ಪು.

“ಏನೂ ಆಗಿಲ್ಲ,” ಅಂದರು ಕಾಕಾ. “ಆಗಬಾರದಂತ ಅಂಜತೇನಿ.”

ಮಳೆ ನಿಂತು ಮೋಡದ ಅಂಚಿನಲ್ಲಿ ಇಳಿಬಿಸಿಲು ಬಿದ್ದಾಗ ಗೇಟಿನ ಹೊರಗೆ ವಿದ್ಯಾ ವೈನಿ ನಿಂತಿರುವುದು ಕಂಡಿತು. ಯಾವಾಗ ಬಂದಿದ್ದಳೋ. ಕೈಯಲ್ಲಿ ಸ್ಟೀಲಿನ ಡಬ್ಬಿ, ಒಳಗೆ ಬರಲು ಧೈರ್ಯವಿಲ್ಲ. ನಾನು ಹೋಗಿ ಕರೆತಂದೆ. ಅದೇ ಹೊತ್ತಿಗೆ ಮಂಚದ ಮೇಲಿನಿಂದ ಆರತಿ ಅಜ್ಜಿಯ ಕಡೆ ತಿರುಗಿ, “ಆಯಿ, ಹಸಿವ್ಯಾಗೇತಿ” ಅಂದಳು. ಡಾಕ್ಟರರು ಬಂದು ನೋಡಿ, ತೆಳು ಗಂಜಿ ಕೊಡಬಹುದು, ಇನ್ನು ಭಯವಿಲ್ಲ ಎಂದು ಹೋದರು.

ಗಂಜಿ ಇತ್ತು. ವಿದ್ಯಾ ವೈನಿಯ ಡಬ್ಬಿಯಲ್ಲಿ, ಬಿಸಿಯಾಗಿ. ಖೋಲಿಯಲ್ಲಿ ನಾವು ನಾಲ್ವರು ದೊಡ್ಡವರು ಆ ಡಬ್ಬಿಯನ್ನು ನೋಡುತ್ತ ನಿಂತೆವು. ಒಬ್ಬರ ಕೈಯೂ ಮುಂದೆ ಹೋಗಲಿಲ್ಲ. ಹುಡುಗಿ ಒಬ್ಬೊಬ್ಬರ ಮುಖ ನೋಡಿದಳು.

ಕಾಕಾ ಬಾಯಿ ತೆರೆದರು. ಅವರು ಏನು ಕೇಳುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಅವರು ಕೇಳುವ ಮೊದಲೇ ವಿದ್ಯಾ ವೈನಿ ಡಬ್ಬಿಯ ಮುಚ್ಚಳ ತೆಗೆದು, ಮುಚ್ಚಳಕ್ಕೆ ಸ್ವಲ್ಪ ಸುರಿದುಕೊಂಡು ಕುಡಿದಳು. ಬೆಳಗಿನಿಂದ ನೀರನ್ನೂ ಮುಟ್ಟದವಳು. ದೀಪ ಹಚ್ಚಲು ಇನ್ನೂ ಹೊತ್ತಿತ್ತು. ಅವಳ ಕಣ್ಣಿನ ನೀರು ಮುಚ್ಚಳದೊಳಗೆ ಬಿತ್ತು, ಅದನ್ನೂ ಕುಡಿದಳು. ನಾನು ಕೈ ಚಾಚಿದೆ. ನನಗೂ ಸುರಿದಳು. ಆಮೇಲೆ ಕಾಕಾ.

ಮಾಯವ್ವ ನಮ್ಮ ಮೂವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಅವಸರ ಮಾಡಲಿಲ್ಲ. ಕುರಿಯ ಮಂದೆಯಲ್ಲಿ ರೋಗ ಹಿಡಿದದ್ದು ಯಾವುದೆಂದು ಹುಡುಕುವವರ ನೋಟ ಅದು. ನಾನು ವೇದಿಕೆಗಳಲ್ಲಿ ಬಹಳ ಜನರ ಮುಂದೆ ನಿಂತಿದ್ದೇನೆ; ಆ ನೋಟದ ಮುಂದೆ ನಿಂತ ಹಾಗೆ ಎಲ್ಲೂ ನಿಂತಿಲ್ಲ. ನನ್ನ ಹೊಟ್ಟೆಯಲ್ಲಿ ಏನಾದರೂ ತಿರುಗುತ್ತಿದೆಯೇ ಎಂದು ನಾನೂ ಕೇಳಿಸಿಕೊಳ್ಳುತ್ತಿದ್ದೆ. ಕೊನೆಗೆ ಅವಳು ವಿದ್ಯಾ ವೈನಿಯ ಕೈಯಿಂದ ಡಬ್ಬಿ ತೆಗೆದುಕೊಂಡಳು, “ಕೂಡವಾ, ನೀನೂ ಹಸದಿದ್ದಿ” ಅಂದಳು, ಆಮೇಲೆ ಮೊಮ್ಮಗಳ ಬಾಯಿಗೆ ಚಮಚ ಹಿಡಿದಳು.

ನೀರು ಇಳಿಯಿತು. ಉಳಿದ ನಾಲ್ಕು ಮಕ್ಕಳಿಗೆ ಏನೂ ಆಗಲಿಲ್ಲ. ಆರತಿ ಎರಡನೆಯ ದಿನ ಕುರಿಗಳ ಹಿಂದೆ ಓಡಿದಳು. ವಿದ್ಯಾ ವೈನಿಯ ಗಂಡ ಆ ಪಾತೇಲಿಯನ್ನು ಮತ್ತೆ ಯಾರೂ ಅಡಿಗೆಗೆ ತೆಗೆಯದಿರಲೆಂದು ಹೊರಮೈಗೆ ಕಪ್ಪು ಬಣ್ಣ ಬಳಿದು ಗೆಜ್ಜೆ ಖೋಲಿಯ ಮೊಳೆಗೆ ತೂಗುಹಾಕಿದ. ನನ್ನ ತಾಮ್ರದ ಬಾಟಲಿಯಿಂದ ಯಾರಿಗೂ ಏನೂ ಆಗಿರಲಿಲ್ಲ, ನೀರು ನೀರೇ. ಆದರೂ ಅದನ್ನು ಮತ್ತೆ ಬಾಯಿಗೆ ಹಚ್ಚಲಿಲ್ಲ. ಇದು ತರ್ಕವಲ್ಲ, ಗೊತ್ತು.

ಸನದು ಸಿಕ್ಕು ಗಡಹಿಂಗ್ಲಜಕ್ಕೆ ಬರುವ ತನಕ ಫೇರಿಯಲ್ಲಿ ಬಾಗಿಲಿಗೆ ಕುಳಿತು ತಿನ್ನುವ ಕೆಲಸ ನನ್ನದಾಯಿತು. ವಕೀಲಬಾಯಿ ಬಂದಾಳ, ಮೊದಲ ಆಕಿ ಹೊಟ್ಟಿಗಿ ಹಾಕ್ರಿ ಎಂದು ಮುದುಕಿಯರು ಚುಚ್ಚುತ್ತಿದ್ದರು. ಹಾಕಿದ್ದನ್ನು ತಿನ್ನುತ್ತಿದ್ದೆ. ತಿಂದು, ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರುತ್ತಿದ್ದೆ. ಆ ಸುಮ್ಮನೆ ಕೂಡುವ ಹೊತ್ತಿನಲ್ಲಿ ಕಾಕಾ ಏನು ಮಾಡುತ್ತಿದ್ದರೆಂಬುದು ಆಗ ತಿಳಿಯಿತು. ಅಂಜುತ್ತಿದ್ದರು. ಒಂದು ಕಿಟ್ಲಿಯನ್ನು ಎತ್ತುವ ಮೊದಲು ಎಷ್ಟು ಅಂಜಬೇಕೋ ಅಷ್ಟನ್ನು ಪೂರ್ತಿ ಅಂಜಿ ಏಳುತ್ತಿದ್ದರು.

ಮೊನ್ನೆಯ ಕಲಾಯಿಗಾರ ನಾನು ನಿಂತಿದ್ದನ್ನು ಕಂಡು, ಗಿರಾಕಿ ಎಂದುಕೊಂಡು, ಪಾತ್ರೆಯನ್ನು ಇಕ್ಕುಳದಿಂದ ಎತ್ತಿ ನನ್ನ ಕಡೆ ಬಾಗಿಸಿದ. “ನೋಡ್ರಿ ಬಾಯಿ. ಒಳಗ ಚಂದ್ರನಂಗ ಐತಿ.”

ನೋಡಿದೆ. ಎಲ್ಲಿಯೂ ಕೆಂಪು ಇರಲಿಲ್ಲ. ಚಲೋ ಐತ್ರಿ ಎಂದು ಹೇಳಿ ಹತ್ತು ಹೆಜ್ಜೆ ನಡೆದೆ. ಮತ್ತೆ ತಿರುಗಿ ಬಂದೆ. “ಇನ್ನೊಮ್ಮಿ ತೋರಸ್ರಿ. ಅಂಚಿನ ಒಳಗ,” ಅಂದೆ.